ಹಾಲೇಶಣ್ಣನಿಗೆ ಹೊಲಿದ ಅಂಗಿ

ಮೊನ್ನೆ ಮೊಮ್ಮಗಳ ಶಾಲೆಯಿಂದ ಕರೆ ಬಂತು. ಮಗಳು ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು, ಅಳಿಯ ಊರಲ್ಲಿರಲಿಲ್ಲ, ನಾನೇ ಹೋದೆ. ಟೀಚರು ಕುರ್ಚಿ ಕೊಟ್ಟು ಕೂರಿಸಿ, ಬಹಳ ಮರ್ಯಾದೆಯಿಂದಲೇ ನಮ್ಮ ಇಂಚರಳ ಮೇಲೆ ದೂರು ಹೇಳಿದರು. ಪಾಠದ ನಡುವೆ ಮಾತು, ಊಟಕ್ಕೆ ಕೂತರೆ ಮಾತು, ಬೇರೆ ಮಕ್ಕಳಿಗೆ ಕೇಳಿದ ಪ್ರಶ್ನೆಗೂ ಇವಳದೇ ಉತ್ತರ. ಜಾಗ ಬದಲಿಸಿ ಕೂರಿಸಿದರೆ ಅಲ್ಲಿ ಸುಮ್ಮನಿದ್ದ ಮಗುವನ್ನೂ ಕೆಡಿಸುತ್ತಾಳಂತೆ. "ಸ್ವಲ್ಪ ಮನೇಲಿ ಬುದ್ಧಿ ಹೇಳ್ರಿ ಅಜ್ಜಾರೆ, ಈ ಹುಡುಗಿ ಬಾಯಿ ಮುಚ್ಚೋದೇ ಇಲ್ಲ," ಅಂದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ತಲೆ ಎತ್ತಿದರೆ ಮುಖದ ಮೇಲಿನ ನಗು ಅವರಿಗೆ ಕಾಣುತ್ತದೆ ಅಂತ ಹೆದರಿಕೆ.

ಹೊರಗೆ ಬಂದವನೇ ಮೂಲೆಯ ಅಂಗಡಿಯಲ್ಲಿ ಪೇಡೆ ಕಟ್ಟಿಸಿಕೊಂಡು ವಾಪಸ್ಸು ಹೋಗಿ ಮೊದಲು ಆ ಟೀಚರಿಗೇ ಕೊಟ್ಟೆ. ಅವರಿಗೆ ಏನೂ ತಿಳಿಯಲಿಲ್ಲ, ಕೈಯಲ್ಲಿ ಹಿಡಿದುಕೊಂಡು ನಿಂತರು. ಆಮೇಲೆ ಗೇಟಿನ ವಾಚ್‌ಮನ್ನಿಗೆ, ಆಟೋದವನಿಗೆ, ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಗಂಗಮ್ಮನಿಗೆ. ಏನು ವಿಶೇಷ ಅಂತ ಕೇಳಿದವರಿಗೆಲ್ಲ ಹೇಳಿದ್ದು ಒಂದೇ, ನನ್ನ ಮೊಮ್ಮಗಳು ಕ್ಲಾಸಿನಲ್ಲಿ ಗಲಾಟೆ ಮಾಡುತ್ತಾಳಂತೆ. ಗಂಗಮ್ಮ ಮಾತ್ರ ಪೇಡೆ ಬಾಯಿಗೆ ಹಾಕಿಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳಿಗೆ ಗೊತ್ತು.

ಮನೆ ಸೇರುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಗಿರಾಕಿಯೊಬ್ಬರ ಬಟ್ಟೆ ಸಂಜೆಗೆ ಕೊಡಬೇಕಿತ್ತು, ಇನ್ನೂ ಹಸಿಹಸಿ. ಒದ್ದೆ ಹತ್ತಿ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟರೆ ಒಂದು ವಾಸನೆ ಏಳುತ್ತದೆ. ಸ್ವಲ್ಪ ಅನ್ನದ ಗಂಜಿಯ ಹಾಗೆ, ಸ್ವಲ್ಪ ಆಗ ತಾನೇ ಹುರಿದ ಮಂಡಕ್ಕಿಯ ಹಾಗೆ. ಜೀವಮಾನವೆಲ್ಲ ಆ ವಾಸನೆಯಲ್ಲೇ ಬದುಕಿದವನು ನಾನು. ಆದರೆ ಈಗ ಎರಡು ವರ್ಷದಿಂದ ಅದು ಮೂಗಿಗೆ ಬಿದ್ದರೆ ಆ ಒಂದು ಮುಂಗಾರೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಮೊಳೆಗೆ ತೂಗುಹಾಕಿದ ನೀಲಿ ಗೆರೆಯ ಅಂಗಿಯ ಕಡೆ ನನಗೆ ಗೊತ್ತಿಲ್ಲದೆ ಕಣ್ಣು ಹೋಯಿತು. ಎದೆತುಂಬ ಸಂತೋಷ ಇತ್ತು. ಆದರೂ ಯಾರೋ ಬೆನ್ನ ಹಿಂದೆ ಬಂದು ನಿಂತು, ನಾನು ಮಾತಾಡಲಿ ಅಂತ ಕಾಯುತ್ತಿದ್ದಾರೆ ಅನ್ನಿಸಿತು.

ನಾನು ಹರಿಹರದ ಟೈಲರ್ ತಿಪ್ಪಣ್ಣ. ಹುಟ್ಟಿದ್ದು ಕೊಕ್ಕನೂರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹರಿಹರದ ಪೇಟೆಯಲ್ಲಿ ಗುಂಡಿಯ ಕಾಜಾ ಹೊಲಿಯಲು ಕೂತವನು, ಮುಂದೆ ಅಲ್ಲೇ ಒಂದು ಸಣ್ಣ ಅಂಗಡಿ ಮಾಡಿಕೊಂಡೆ. ಹೊಲಿಯುವವನಿಗೆ ಕಣ್ಣು, ಕೈ, ಕಾಲು ಎಲ್ಲ ಮಷಿನ್ನಿನಲ್ಲಿ ಸಿಕ್ಕಿಕೊಂಡಿರುತ್ತವೆ. ಬಿಡುವಿರುವುದು ಕಿವಿಗೆ ಮಾತ್ರ. ಹಾಗಾಗಿ ಲೋಕದ ಸುದ್ದಿಯೆಲ್ಲ ನನಗೆ ಬಂದದ್ದು ರೇಡಿಯೋದಿಂದ. ಅದರಲ್ಲೂ ಹಾಲೇಶಣ್ಣನಿಂದ.

ದಿನಾ ಬೆಳಿಗ್ಗೆ ಹತ್ತಕ್ಕೆ ಅವರ 'ಅಂಗಳದ ಮಾತು'. ನನ್ನ ಮಗಳು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಶುರುವಾದ ಕಾರ್ಯಕ್ರಮ ಅದು, ಅವಳಿಗೆ ಮಗುವಾದ ಮೇಲೂ ನಡೆದಿತ್ತು. ಅವರು ಒಂದು ವಿಷಯ ಹೇಳುತ್ತಾರೆ, ಜನ ಫೋನ್ ಮಾಡಿ ಮಾತಾಡುತ್ತಾರೆ, ಅಷ್ಟೇ. ವಿಷಯ ಅಂದರೆ ಭಾರಿ ಏನೂ ಅಲ್ಲ. ನಿಮ್ಮ ಮನೆಯ ಹಳೆಯ ಬೀಗ, ನಿಮ್ಮನ್ನು ಹೊಡೆದ ಮೇಷ್ಟ್ರು, ಬೀಗರ ಮನೆಯಲ್ಲಿ ಉಂಡ ಮೊದಲ ಊಟ. ಯಾರೇ ಫೋನ್ ಮಾಡಲಿ, ಅವರು ಮೊದಲು ಅನ್ನುತ್ತಿದ್ದುದು ಒಂದೇ: "ಹೇಳ್ರಿ, ನಾ ಕೇಳ್ತಾ ಇದೀನಿ." ಹಾಗೆ ಅಂದು ನಿಜವಾಗಿಯೂ ಕೇಳುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ. ಮಾತಾಡುವವರು ಅತ್ತರೆ ಅಳುವುದು ಮುಗಿಯುವವರೆಗೆ ಸುಮ್ಮನಿರುತ್ತಿದ್ದರು. ಎಮ್ಮೆ ಕಳೆದುಕೊಂಡವರು, ಅಣ್ಣತಮ್ಮಂದಿರೊಡನೆ ಮಾತು ಬಿಟ್ಟವರು, ಬರೀ ಹೊತ್ತು ಹೋಗದವರು, ಎಲ್ಲರೂ ಅವರ ಹತ್ತಿರ ಹೇಳಿಕೊಂಡದ್ದನ್ನು ನಾನು ಮಷಿನ್ನು ತುಳಿಯುತ್ತ ಕೇಳಿದ್ದೇನೆ. ತೀರಿಹೋದ ನನ್ನ ಹೆಂಡತಿ ಅಂಗಡಿಗೆ ಬುತ್ತಿ ತಂದಾಗ, ಆ ಮನುಷ್ಯ ಮನೆಯಲ್ಲೂ ಹೀಗೇ ಹೆಂಡತಿಯ ಮಾತು ಕೇಳುತ್ತಾನಾ ಅಂತ ನನ್ನನ್ನು ಚುಚ್ಚುತ್ತಿದ್ದಳು.

ಅವರದು ಇನ್ನೊಂದು ಮಾತಿತ್ತು: "ಮೊದ್ಲು ರೇಡಿಯೋ ಸಣ್ಣ ಮಾಡ್ರಿ." ಫೋನ್ ಮಾಡುವವರೆಲ್ಲ ತಮ್ಮ ದನಿ ಹೆಂಗೆ ಬರುತ್ತದೆ ನೋಡೋಣ ಅಂತ ರೇಡಿಯೋ ಪಕ್ಕದಲ್ಲೇ ಜೋರಾಗಿ ಇಟ್ಟುಕೊಳ್ಳುತ್ತಾರೆ. ರೇಡಿಯೋದ ಸದ್ದು ತಿರುಗಿ ಫೋನಿಗೆ ಹೊಕ್ಕು, ಫೋನಿನಿಂದ ಮತ್ತೆ ರೇಡಿಯೋಕ್ಕೆ ಬಂದು, ಕುಂಯ್ ಅಂತ ಕಿವಿ ಹರಿಯುವ ಹಾಗೆ ಕೂಗುತ್ತದೆ. ಅಷ್ಟು ವರ್ಷ ದಿನಾ ಎಷ್ಟು ಜನರಿಗೆ ಈ ಮಾತು ಹೇಳಿದ್ದರೋ, ಒಂದು ದಿನವೂ ಸಿಟ್ಟಾದದ್ದು ನಾನು ಕೇಳಿಲ್ಲ. ಆದರೆ ರೇಡಿಯೋ ಸಣ್ಣ ಆಗದೆ ಅವರು ಮಾತು ಶುರುಮಾಡುತ್ತಿರಲಿಲ್ಲ. ಅದೊಂದು ಅವರ ಕಟ್ಟುನಿಟ್ಟು.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ದಾವಣಗೆರೆಯಿಂದ ಮಗಳು ಶೈಲಾ ಫೋನ್ ಮಾಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಮಗು ನೋಡಿಕೊಳ್ಳುತ್ತಿದ್ದ ಹೆಂಗಸು ಬಿಟ್ಟುಹೋಗಿದ್ದಳು. ಅಳಿಯನಿಗೆ ಬೀಜ ಗೊಬ್ಬರದ ಕಂಪನಿಯ ಕೆಲಸ, ಮಳೆಗಾಲದಲ್ಲಿ ಊರೂರು ತಿರುಗಾಟ. ನಾನು ಅಂಗಡಿಗೆ ಬೀಗ ಹಾಕಿ, ಒಂದು ಮಷಿನ್ನು, ಇಸ್ತ್ರಿಪೆಟ್ಟಿಗೆ, ನನ್ನ ಹಳೆಯ ರೇಡಿಯೋ ಇಷ್ಟನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಕೆ.ಬಿ. ಬಡಾವಣೆಯ ಅವಳ ಬಾಡಿಗೆ ಮನೆಗೆ ಬಂದೆ.

ಇಂಚರಳಿಗೆ ಆಗ ಮೂರು ತುಂಬಿ ನಾಲ್ಕಕ್ಕೆ ಬಿದ್ದಿತ್ತು. ಒಂದು ಮಾತೂ ಬಂದಿರಲಿಲ್ಲ. ಅಮ್ಮ ಅಂತ ಕೂಡ ಅಂದಿರಲಿಲ್ಲ. ಕಿವಿ ಸರಿಯಾಗಿದೆ ಅಂತ ಡಾಕ್ಟರು ಹೇಳಿದ್ದರು. ಮಾತು ಕಲಿಸುವ ಮೇಡಂ ಹತ್ತಿರ ವಾರವಾರ ಕರೆದುಕೊಂಡು ಹೋಗುತ್ತಿದ್ದಳು ಶೈಲಾ. ಆ ಮೇಡಂ, ಮಗು ಮೊದಲು ಮಾತಾಡುವವರ ಮುಖ ನೋಡಬೇಕು, ಬಾಯಿ ನೋಡಬೇಕು, ಅದೇ ಮೊದಲ ಮೆಟ್ಟಿಲು ಅನ್ನುತ್ತಿದ್ದರಂತೆ. ಇವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕರೆದರೆ ಗೋಡೆ ನೋಡುತ್ತಿದ್ದಳು. ಹಕ್ಕಿಯ ಉಲಿ ಅಂತ ಹುಡುಕಿ ಹುಡುಕಿ ಹೆಸರಿಟ್ಟಿದ್ದ ಶೈಲಾ, ಆ ಹೆಸರನ್ನು ನಾಲ್ಕು ಜನರೆದುರು ಕೂಗಲು ಹಿಂಜರಿಯುವಂತಾಗಿತ್ತು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಲೋಕಿಕೆರೆಯಲ್ಲಿರುವ ಅತ್ತೆಗೂ ಹೇಳಿರಲಿಲ್ಲ. ಮಗುವಿಗೆ ನಾಚಿಕೆ ಜಾಸ್ತಿ, ಹೊಸಬರೆದುರು ಬಾಯಿ ಬಿಡಲ್ಲ, ಮನೆಯಲ್ಲಿ ಬೇಕಾದಷ್ಟು ಮಾತಾಡುತ್ತಾಳೆ ಅಂತ ಹೇಳಿಕೊಂಡು ಬಂದಿದ್ದಳು. ನಾನು ಬಂದ ದಿನವೇ ಎದುರಿಗೆ ಕೂತು, "ಅಪ್ಪಾ, ಇಲ್ಲಿದ್ದು ಅಲ್ಲಿ ಹೇಳಬ್ಯಾಡ," ಅಂತ ಕೈ ಹಿಡಿದು ಮಾತು ತೆಗೆದುಕೊಂಡಳು.

ಆ ಮಗು ಇಡೀ ಮನೆಯಲ್ಲಿ ಒಲಿದದ್ದು ನನ್ನ ರೇಡಿಯೋಕ್ಕೆ. ಬೆಳಿಗ್ಗೆ ಹತ್ತಾದರೆ ಬಂದು ಅದಕ್ಕೆ ಕೆನ್ನೆ ಹಚ್ಚಿ ನೆಲದ ಮೇಲೆ ಕೂರುವಳು. ಹಾಡು ಬಂದರೆ ಎದ್ದು ಹೋಗುವಳು. ಹಾಲೇಶಣ್ಣನ ದನಿಗೆ ಮಾತ್ರ ಅಲುಗಾಡದೆ ಕೂರುವಳು. ಸದ್ದಿನ ಗುಂಡಿಯನ್ನು ಯಾರಾದರೂ ಮುಟ್ಟಿದರೆ ಮನೆ ಹಾರಿಹೋಗುವ ಹಾಗೆ ಕಿರುಚುವಳು. ಕಿರುಚುವ ದನಿ ಇತ್ತು, ನೋಡಿ. ಮಾತು ಮಾತ್ರ ಇರಲಿಲ್ಲ.

ಒಂದು ದಿನ ಹಾಲೇಶಣ್ಣ ಇಟ್ಟ ವಿಷಯ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಹೇಗೆ. ಒಬ್ಬರು ಫ್ಯಾನಿನ ಕೆಳಗೆ ಅಂದರು, ಒಬ್ಬರು ಒಲೆಯ ಮೇಲೆ ದಾರ ಕಟ್ಟುತ್ತೇವೆ ಅಂದರು, ಇನ್ನೊಬ್ಬರು ಒದ್ದೆಯದನ್ನೇ ಹಾಕಿಕೊಂಡು ಮೈಯಲ್ಲಿ ಒಣಗಿಸುತ್ತೇವೆ ಅಂದು ನಗಿಸಿದರು. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಕೇಳಿದ್ದೇ ಆಯಿತು, ಇದೊಂದು ನನ್ನ ಕಸುಬಿನ ಮಾತು ಅಂತ ಮೊಬೈಲು ಎತ್ತಿದೆ. ಹಿಡಿಯುತ್ತದೆ ಅಂತ ಅಂದುಕೊಂಡಿರಲಿಲ್ಲ, ಹಿಡಿದೇಬಿಟ್ಟಿತು.

"ಹೇಳ್ರಿ, ನಾ ಕೇಳ್ತಾ ಇದೀನಿ."

ನಾನು ಹೆಸರು ಊರು ಹೇಳುವಷ್ಟರಲ್ಲಿ ಕುಂಯ್ ಅಂತ ಶುರುವಾಯಿತು.

"ತಿಪ್ಪಣ್ಣಾರೆ, ಮೊದ್ಲು ರೇಡಿಯೋ ಸಣ್ಣ ಮಾಡ್ರಿ."

"ಆಗಲ್ರಿ ಅಣ್ಣಾರೆ. ಮೊಮ್ಮಗಳು ಅದಕ್ಕೇ ಅಂಟಿಕೊಂಡು ಕುಂತಾಳೆ. ಮುಟ್ಟಿದ್ರೆ ರಂಪ ಮಾಡ್ತಾಳೆ."

"ಹಂಗಾರೆ ಫೋನ್ ಅವಳ ಕೈಗೇ ಕೊಡ್ರಿ, ಅವಳೇ ಮಾತಾಡ್ಲಿ."

"ಅವಳಿಗೆ ಮಾತು ಬರಲ್ರಿ."

ಬಾಯಿಂದ ಬಿತ್ತು. ಬಿದ್ದದ್ದು ನನಗೆ ಗೊತ್ತಾಗುವ ಮೊದಲೇ, ಒಂದು ಉಸಿರು ತಡವಾಗಿ, ನನ್ನದೇ ದನಿ ರೇಡಿಯೋ ಪೆಟ್ಟಿಗೆಯಿಂದ ಹೊರಗೆ ಬಂತು. ಅವಳಿಗೆ ಮಾತು ಬರಲ್ರಿ. ದಾವಣಗೆರೆ, ಹರಿಹರ, ಲೋಕಿಕೆರೆ, ಎಲ್ಲ ಕಡೆಗೂ ಒಟ್ಟಿಗೆ. ಮಗಳಿಗೆ ಕೊಟ್ಟ ಮಾತು ಹೀಗೆ ಹೋಯಿತು.

ಹಾಲೇಶಣ್ಣ ದನಿ ತಗ್ಗಿಸಿ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿದರು: "ಇರ್ಲಿ. ಸಣ್ಣ ಮಾಡಬ್ಯಾಡ್ರಿ."

ಆ ಮಾತನ್ನು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆ ಕೂಗಿನ ನಡುವೆಯೇ ನಾನು ಏನೋ ಇಸ್ತ್ರಿಯ ವಿಷಯ ಬಡಬಡಿಸಿದೆ, ಏನು ಹೇಳಿದೆನೋ ನೆನಪಿಲ್ಲ. ನೆನಪಿರುವುದು ಇಂಚರಳ ಮುಖ. ಅವಳು ಪೆಟ್ಟಿಗೆಯಿಂದ ಕೆನ್ನೆ ತೆಗೆದಿದ್ದಳು. ಅಜ್ಜ ಅಲ್ಲಿ ಮಾತಾಡುತ್ತಾನೆ, ಅದೇ ಮಾತು ಇಲ್ಲಿ ಬರುತ್ತದೆ. ನನ್ನನ್ನು ನೋಡಿದಳು, ಪೆಟ್ಟಿಗೆ ನೋಡಿದಳು, ತಿರುಗಿ ನನ್ನನ್ನು ನೋಡಿದಳು. ಎದ್ದು ಬಂದು ನನ್ನ ತೊಡೆ ಹತ್ತಿ, ಬಾಯನ್ನೇ ನೋಡುತ್ತ ನಿಂತಳು. ಪೆಟ್ಟಿಗೆಯೊಳಗೆ ಇರುವುದು ಇದರಿಂದ ಹೊರಡುತ್ತದೆ ಅಂತ ಅವಳಿಗೆ ಆವತ್ತು ಕಂಡಿರಬೇಕು.

ಸಂಜೆ ಶೈಲಾ ಬಂದಳು. ಕೊಡೆಯ ನೀರು ಒಳಗೆಲ್ಲ ಸೋರುತ್ತಿತ್ತು, ಮಡಿಸಲಿಲ್ಲ.

"ಊರಿಗೆಲ್ಲ ಡಂಗುರ ಹೊಡೆದ್ಯಲ್ಲಪ್ಪ."

ಅತ್ತೆ ಲೋಕಿಕೆರೆಯಿಂದ ಆಸ್ಪತ್ರೆಗೇ ಫೋನ್ ಮಾಡಿದ್ದರಂತೆ. ಇಷ್ಟು ದಿನ ನಮಗೆ ಯಾಕ ಸುಳ್ಳು ಹೇಳಿದೆ ಅಂತ ಕೇಳಿದರಂತೆ. ವಾರ್ಡಿನಲ್ಲಿ ಜೊತೆಯವರು ಬಂದು ಬೆನ್ನು ಸವರಿದರಂತೆ. ಅದು ಬೈಗುಳಕ್ಕಿಂತ ಕಷ್ಟವಾಯಿತು ಅಂದಳು. ನಾನು ಅವಳನ್ನು ಕೂರಿಸಿ, ಇಂಚರಳನ್ನು ಎದುರಿಗೆ ನಿಲ್ಲಿಸಿ, ಕರೆದು ನೋಡು ಅಂದೆ. ಶೈಲಾ ಅಳುದನಿಯಲ್ಲೇ ಇಂಚರಾ ಅಂದಳು. ಮಗು ಗೋಡೆ ನೋಡಲಿಲ್ಲ. ತಾಯಿಯ ಬಾಯಿ ನೋಡಿತು. ಬೆರಳು ಚಾಚಿ ತುಟಿ ಮುಟ್ಟಿತು. ಶೈಲಾ ಅಲ್ಲೇ ಬಹಳ ಹೊತ್ತು ಕೂತಳು, ಮತ್ತೆ ಮತ್ತೆ ಆ ಹೆಸರನ್ನು ಕರೆಯುತ್ತ. ಎದ್ದಾಗ ಹೇಳಿದಳು, "ನಾಳೆ ಬೆಳಿಗ್ಗೆನೂ ಮಾಡು ಫೋನು."

ಮಾಡಿದೆ. ಆಮೇಲೆ ದಿನಾ ಮಾಡಿದೆ. ಹಾಲೇಶಣ್ಣ ಕಾರ್ಯಕ್ರಮದ ಕೊನೆಗೆ ನನ್ನನ್ನು ಸೇರಿಸಿಕೊಳ್ಳುತ್ತಿದ್ದರು. ಇವತ್ತು ಏನು ಹೊಲಿದ್ರಿ ಅಂತ ಕೇಳುತ್ತಿದ್ದರು. ಜಂಪರು ಅಂತಲೋ, ಸ್ಕೂಲ್ ಯೂನಿಫಾರ್ಮು ಅಂತಲೋ ಹೇಳುತ್ತಿದ್ದೆ. ಆಮೇಲೆ ಅವರು, "ಇಂಚರಾ, ಹೇಳವ್ವ, ನಾ ಕೇಳ್ತಾ ಇದೀನಿ," ಅಂದು ಸುಮ್ಮನಾಗುತ್ತಿದ್ದರು.

ಸುಮ್ಮನೆ ಅಂದರೆ ಪೂರ್ತಿ ಸುಮ್ಮನೆ. ರೇಡಿಯೋದವರು ಹಾಗೆ ಇರುವಂತಿಲ್ಲವಂತೆ. ಒಂದು ಗಳಿಗೆ ಸದ್ದು ನಿಂತರೂ ಕೇಳುವವರು ಕೆಟ್ಟುಹೋಯಿತು ಅಂತ ಬೇರೆ ಕಡೆ ತಿರುಗಿಸುತ್ತಾರಂತೆ. ಅವರು ಇರುತ್ತಿದ್ದರು. ಆ ಹೊತ್ತಿನಲ್ಲಿ ನಮ್ಮ ಮನೆಯ ಸದ್ದೆಲ್ಲ ಊರಿಗೆ ಹೋಗುತ್ತಿತ್ತು. ಶೀಟಿನ ಮೇಲಿನ ಮಳೆ, ಕುಕ್ಕರು, ಬೀದಿಯ ಗಂಗಮ್ಮನ ಕೂಗು, ಅದರ ಮೇಲೆ ಆ ಕುಂಯ್. ಇಂಚರ ನನ್ನ ತೊಡೆಯ ಮೇಲೆ ಕೂತು, ಪೆಟ್ಟಿಗೆಯ ಜಾಲರಿಗೆ ಬೆರಳಿಟ್ಟು, ಬಾಯಿ ಸ್ವಲ್ಪ ತೆರೆದು ಕಾಯುತ್ತಿದ್ದಳು. ಏನೂ ಬರುತ್ತಿರಲಿಲ್ಲ. "ಇರ್ಲಿ, ನಾಳೆ ಬರ್ರಿ," ಅಂದು ಹಾಲೇಶಣ್ಣ ಮುಗಿಸುತ್ತಿದ್ದರು.

ಒಬ್ಬರು ಫೋನ್ ಮಾಡಿ, ಏನ್ರಿ ಅದು ದಿನಾ ಕುಂಯ್ ಅಂತ ತಲೆ ತಿನ್ನೋದು ಅಂತ ರೇಗಿದರು. ಉಸಿರು ಬಿಡೋಕೆ ಒಂದೀಟು ಟೈಮ್ ಸಿಕ್ತು ಅಂತ ತಿಳ್ಕೊಳ್ರಿ ಅಂದರು ಹಾಲೇಶಣ್ಣ. ಆದರೆ ಬೇರೆ ಜನ ಬೇರೆ ಥರ ಇದ್ದರು. ನಾನು ಹಾಲು ತರಲು ಹೋದರೆ, ಮಾತಾಡಿದ್ಲಾ ಅಂತ ಕೇಳುವರು. ಹರಿಹರದ ಬಸ್ಸಿನ ಕಂಡಕ್ಟರು ನನ್ನ ದನಿ ಹಿಡಿದು, ನೀವೇ ಅಲ್ಲೇನ್ರಿ ಆ ಅಜ್ಜ ಅಂದು ಕಿಟಕಿ ಪಕ್ಕ ಜಾಗ ಮಾಡಿಕೊಟ್ಟ. ಲೋಕಿಕೆರೆಯ ಬೀಗಿತಿ ಆ ಹೊತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಕೂರುತ್ತಿದ್ದರಂತೆ. ಸಿಟ್ಟು ಯಾವಾಗ ಇಳಿಯಿತೋ, ಒಂದು ದಿನ ಶೈಲಾಳಿಗೆ ಫೋನ್ ಮಾಡಿ ಮಗುವಿಗೆ ತುಪ್ಪ ಕಳಿಸಲಾ ಅಂತ ಕೇಳಿದರು.

ಈ ಋಣಕ್ಕೆ ನಾನು ಏನು ಕೊಡಲಿ. ಹೊಲಿಯುವುದು ಬಿಟ್ಟು ನನಗೆ ಏನೂ ಬರುವುದಿಲ್ಲ. ಒಳ್ಳೆಯ ಪಾಪ್ಲಿನ್ ಬಟ್ಟೆ, ಬಿಳಿಯ ಮೇಲೆ ತೆಳು ನೀಲಿ ಗೆರೆ, ತಂದು ಹಾಲೇಶಣ್ಣನಿಗೆ ಒಂದು ಅಂಗಿ ಹೊಲಿದೆ. ಅಳತೆ ಇರಲಿಲ್ಲ, ದನಿ ಇತ್ತು. ಅಷ್ಟು ವರ್ಷ ಕೇಳಿದ ದನಿ. ತುಂಬಿದ ದನಿ, ಅಗಲ ಎದೆಯವರದು, ಎತ್ತರದ ಆಳು, ಊಟ ಮಾಡಿ ನಿಧಾನ ಕೂರುವ ಮನುಷ್ಯ, ಹೊಟ್ಟೆಗೆ ಸ್ವಲ್ಪ ಸಡಿಲ ಬೇಕು ಅಂತ ಲೆಕ್ಕ ಹಾಕಿ ಕತ್ತರಿಸಿದೆ. ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಒಂದು ಮಧ್ಯಾಹ್ನ ಇಂಚರಳನ್ನೂ ಕರೆದುಕೊಂಡು ಆಟೋದಲ್ಲಿ ರೇಡಿಯೋ ಸ್ಟೇಷನ್ನಿಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ಸಣಕಲು ಮೈ, ಕುಳ್ಳು, ಸ್ವೆಟರು, ಕುತ್ತಿಗೆಗೆ ಮಫ್ಲರು. ಜವಾನರಿರಬೇಕು ಅಂದುಕೊಂಡು, ಹಾಲೇಶಣ್ಣಾರು ಎಲ್ಲದಾರ್ರಿ ಅಂತ ಕೇಳಿದೆ.

"ಒಳಗದಾರೆ, ಬರ್ತಾರೆ. ಕೂಡ್ರಿ."

ಅದೇ ದನಿ ಅಂತ ನನಗೆ ಹೊಳೆಯುವ ಮೊದಲೇ ಇಂಚರ ನನ್ನ ಕೈ ಬಿಡಿಸಿಕೊಂಡು ಓಡಿದಳು. ಅವರ ಮುಂದೆ ನಿಂತು, ಮಫ್ಲರಿನೊಳಗೆ ಕೈ ತೂರಿಸಿ ಗಂಟಲು ಮುಟ್ಟಿದಳು. ಅವರು ನಗಲು ಹೋಗಿ ಕೆಮ್ಮಿದರು. ಕೈ ತೆಗೆಸಲಿಲ್ಲ. "ಹೇಳವ್ವ," ಅಂದರು. ಅವಳು ಬೆರಳಿನಿಂದ ಕೇಳಿಸಿಕೊಂಡಳು.

ಸ್ವೆಟರಿನ ಮೇಲೆಯೇ ಅಂಗಿ ತೊಟ್ಟರು. ಭುಜ ಮೊಣಕೈ ಹತ್ತಿರ ಇಳಿಯಿತು, ಕೈಯ ಬೆರಳೂ ಕಾಣಲಿಲ್ಲ. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

"ಇನ್ನೊಬ್ರಿಗೂ ಜಾಗ ಐತಲ್ರಿ ತಿಪ್ಪಣ್ಣಾರೆ ಇದ್ರಾಗೆ," ಅಂದರು. ನನ್ನ ಮುಖ ನೋಡಿ ಮತ್ತೆ ಹೇಳಿದರು, "ದನಿಗೆ ಸರಿಯಾಗೈತೆ ಬಿಡ್ರಿ. ಮೈಗೊಂದು ಹಿಡಿಸಿಕೊಡ್ರಿ ಸಾಕು."

ಆಗ ಟೇಪು ಹಿಡಿದೆ. ಎದೆಯ ಅಳತೆಗೆ, ಉಸಿರು ಎಳಕೊಳ್ರಿ ಅಂದೆ. ಅವರು ಎಳೆದುಕೊಂಡರು. ಎದೆ ಉಬ್ಬಲಿಲ್ಲ, ಟೇಪು ನನ್ನ ಬೆರಳಿನಲ್ಲಿ ಅಲುಗಲೇ ಇಲ್ಲ. ಅವರೂ ನೋಡಿದರು, ನಾನೂ ನೋಡಿದೆ. ಅವರು ಗೇಟಿನವರೆಗೆ ಬಂದು ಇಂಚರಳ ತಲೆ ಸವರಿ, ಅವಸರ ಮಾಡಬ್ಯಾಡ್ರಿ, ಅವಳು ಒಳಗೆ ಮಾತು ತುಂಬಿಕೊಳ್ತಾ ಅದಾಳೆ ಅಂದರು.

ಅಂಗಿಯ ಹೊಲಿಗೆ ಬಿಚ್ಚಿ ಹಿಡಿಸಲು ಹರಿಹರಕ್ಕೆ ಒಯ್ದೆ. ಅಂಗಡಿಯ ಶೀಟು ಸೋರುತ್ತಿದೆ ಅಂತ ಪಕ್ಕದವರು ಹೇಳಿ ಕಳಿಸಿದ್ದರು, ಅದನ್ನೂ ನೋಡಿದಂತಾಯಿತು ಅಂತ. ಆವತ್ತು ಶೈಲಾಳಿಗೆ ರಜೆ, ಮಗು ಅವಳ ಹತ್ತಿರ ಇತ್ತು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅದರ ಮೊರೆತ ಪೇಟೆಯವರೆಗೆ ಕೇಳುತ್ತಿತ್ತು. ಪಕ್ಕದ ಅಂಗಡಿಯವರ ರೇಡಿಯೋ ಹಾಕಿತ್ತು. ನಾನು ಅಂಗಿಯ ಎರಡೂ ಮಗ್ಗುಲು ಬಿಚ್ಚಿ ತೊಡೆಯ ಮೇಲೆ ಹರವಿಕೊಂಡಿದ್ದೆ. ಹತ್ತಾಯಿತು. ಹೇಳ್ರಿ ಅನ್ನುವ ದನಿ ಬರಲಿಲ್ಲ. ಒಬ್ಬ ಹುಡುಗಿಯ ದನಿ ಬಂತು, ತಡವರಿಸುತ್ತ. ಹಾಲೇಶಣ್ಣ ನಸುಕಿನಲ್ಲಿ ತೀರಿಹೋದರಂತೆ. ಹಿಂದಿನ ದಿನದವರೆಗೂ ಕಾರ್ಯಕ್ರಮ ಮಾಡಿದ್ದರು.

ಪಕ್ಕದವರು ಬಂದು ಬಾಗಿಲಲ್ಲಿ ನಿಂತರು. ನಾನು ಸೂಜಿಗೆ ದಾರ ಪೋಣಿಸಿ, ಹೊಸ ಅಳತೆಗೆ ಆ ಅಂಗಿಯನ್ನು ಹೊಲಿದು ಮುಗಿಸಿದೆ. ಬಿಚ್ಚಿದ್ದನ್ನು ಹಾಗೇ ಬಿಡಲು ಕೈ ಬರಲಿಲ್ಲ. ದಾವಣಗೆರೆಗೆ ತಂದು ಇಸ್ತ್ರಿ ಮಾಡಿದೆ. ಮಳೆಯ ಹವೆಗೆ ಬಟ್ಟೆ ತಂಪಾಗಿತ್ತು, ಆ ವಾಸನೆ ಎದ್ದಿತು.

ಆಮೇಲಿನ ದಿನಗಳಲ್ಲಿ ಸ್ಟೇಷನ್ನಿನವರು ಅದೇ ಹತ್ತು ಗಂಟೆಗೆ ಅವರ ಹಳೆಯ ಕಾರ್ಯಕ್ರಮಗಳನ್ನು ಹಾಕತೊಡಗಿದರು. ಮಣ್ಣಾದ ಮನುಷ್ಯ ದಿನಾ ಬೆಳಿಗ್ಗೆ ನಮ್ಮ ಮನೆಯ ನಡುವೆ ಬಂದು, ಹೇಳ್ರಿ, ನಾ ಕೇಳ್ತಾ ಇದೀನಿ ಅನ್ನುತ್ತಿದ್ದ. ಇಂಚರ ನನ್ನ ತೊಡೆಯ ಮೇಲೆ ಹತ್ತಿ ಕೂತು, ಫೋನನ್ನು ತಾನೇ ತಂದು ನನ್ನ ಕೈಗೆ ಇಡುತ್ತಿದ್ದಳು. ಅವಳಿಗೆ ಹೆಂಗೆ ಹೇಳಲಿ. ಒಂದು ದಿನ ತಡೆಯದೆ ಒತ್ತಿದೆ. ಫೋನಿನಲ್ಲಿ ರಿಂಗು ಹೋಗುತ್ತಲೇ ಇತ್ತು, ಖಾಲಿ ಕೋಣೆಯಲ್ಲಿ ಹೊಡೆದುಕೊಳ್ಳುವ ಹಾಗೆ. ಅದೇ ಹೊತ್ತಿಗೆ ಪೆಟ್ಟಿಗೆಯಲ್ಲಿ ಅವರು ಹೇಳ್ರಿ ಅಂದರು. ಹೇಳ್ರಿ ಅಂದು ಕಾದರು. ಯಾವುದೋ ವರ್ಷದ, ಯಾವುದೋ ಊರಿನ ಹೆಂಗಸು ಮಾತು ಶುರುಮಾಡುವವರೆಗಿನ ಆ ಸಂದಿಯಲ್ಲಿ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅವರು ನನ್ನನ್ನೇ ಕಾಯುತ್ತಿದ್ದರು, ನನ್ನ ಮಾತು ಮಾತ್ರ ಅವರಿಗೆ ಮುಟ್ಟುತ್ತಿರಲಿಲ್ಲ.

ಇಂಚರ ತೊಡೆಯಿಂದ ಇಳಿದುಹೋದಳು. ಹೋಗಿ ತಿರುಗಿ ಪೆಟ್ಟಿಗೆಗೆ ಕೆನ್ನೆ ಹಚ್ಚಿದಳು. ಆವತ್ತಿನಿಂದ ಮತ್ತೆ ನಮ್ಮ ಬಾಯಿ ನೋಡಲಿಲ್ಲ. ಕರೆದರೆ ಗೋಡೆ. ಶೈಲಾ ಅದನ್ನು ನೋಡಿ ನೋಡಿ, "ಸತ್ತವರ ದನಿ ಮಗುಗೆ ಯಾಕ ಕೇಳಿಸ್ತೀಯಪ್ಪ? ಬಂದ್ ಮಾಡಿಬಿಡು," ಅಂದಳು. ಅವಳು ಹೇಳಿದ್ದೂ ಸರಿ. ಆದರೆ ಗುಂಡಿಯ ಮೇಲೆ ಕೈ ಇಟ್ಟರೆ, ಆ ಮನುಷ್ಯನನ್ನು 'ಸಾಕು ಎದ್ದು ಹೋಗು' ಅಂದಂತೆ ಆಗುತ್ತಿತ್ತು ನನಗೆ. ಮಾಡಲಾಗಲಿಲ್ಲ.

ಆ ಅಂಗಿಯನ್ನು ಮೊಳೆಗೆ ತೂಗುಹಾಕಿದ್ದೆ. ಕಿಟಕಿಯ ಗಾಳಿಗೆ ತೋಳು ಅಲುಗಾಡುತ್ತಿತ್ತು. ಇಂಚರ ಅದರ ಕೆಳಗೆ ಬಂದು ನಿಂತು, ಕಾಲರಿನ ಕಡೆ ಕತ್ತೆತ್ತಿ ನೋಡುತ್ತಿದ್ದಳು. ಗಂಟಲು ಇರಬೇಕಾದ ಜಾಗ ಅದು ಅಂತ ಅವಳಿಗೆ ಗೊತ್ತಿತ್ತು.

ಹಾಗೇ ಮಳೆ ಹಿಂದೆ ಸರಿಯುವ ಹೊತ್ತಿಗೆ ಸ್ಟೇಷನ್ನಿನವರು ಹಾಲೇಶಣ್ಣನ ನೆನಪಿಗೆ ಒಂದು ದಿನ ಇಟ್ಟರು. ಕೇಳುಗರು ಫೋನ್ ಮಾಡಿ ಮಾತಾಡಬೇಕು ಅಂತ. ಅದೇ ಹುಡುಗಿ, ಹೆಸರು ರೇಖಾ, ನಡೆಸುತ್ತಿದ್ದಳು. ಎಮ್ಮೆ ಸಿಕ್ಕವರು ಮಾತಾಡಿದರು. ಅಣ್ಣನ ಜೊತೆ ರಾಜಿಯಾದವರು ಮಾತಾಡಿದರು. ಒಬ್ಬ ಮುದುಕಿ ಏನೂ ಹೇಳಲಾಗದೆ ಬರೀ ಅತ್ತಳು, ರೇಖಾ ಅವಸರದಲ್ಲಿ ಹಾಡು ಹಾಕಿಬಿಟ್ಟಳು. ನನಗೆ ಮನಸ್ಸಿರಲಿಲ್ಲ. ಆದರೆ ಇಂಚರ ಫೋನು ತಂದು ಕೊಟ್ಟಳು. ಬಹಳ ದಿನಗಳ ಮೇಲೆ ತಂದಿದ್ದಳು, ಬೇಡ ಅನ್ನಲಾಗಲಿಲ್ಲ.

"ಹೇಳಿ ಸರ್, ಯಾರು ಮಾತಾಡ್ತಿರೋದು?"

ನಾನು ತಿಪ್ಪಣ್ಣ ಅಂದೆ. ಕುಂಯ್ ಅಂತ ಕೂಗೆದ್ದಿತು.

"ಸರ್, ದಯವಿಟ್ಟು ನಿಮ್ಮ ರೇಡಿಯೋ ಸೌಂಡ್ ಕಮ್ಮಿ ಮಾಡಿ."

ಸರಿಯೇ ಅಲ್ಲವೇ. ಆ ಹುಡುಗಿಗೆ ಏನು ಗೊತ್ತು. ಮುಗಿಯಿತು ಅಂದುಕೊಂಡು, ಬಗ್ಗಿ ಗುಂಡಿಗೆ ಕೈ ಹಾಕಿದೆ. ನನ್ನ ಕೈಯ ಮೇಲೆ ಒಂದು ಪುಟ್ಟ ಕೈ ಬಂದು ಕೂತಿತು. ಕಿರುಚುತ್ತಾಳೆ ಅಂತ ನಾನು ಕಣ್ಣು ಮುಚ್ಚಿದೆ.

"ಇರ್ಲಿ."

ಕಣ್ಣು ಬಿಟ್ಟೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಸಣ್ಣ ಮಾಡಬ್ಯಾಡ್ರಿ."

ಅದೇ ತಗ್ಗಿಸಿದ ದನಿ. ಅದೇ ನಿಧಾನ. ಹೆತ್ತಮ್ಮನನ್ನು ಅಮ್ಮ ಅಂತ ಕರೆಯದ ಮಗು, ಅಜ್ಜನಿಗೆ ಬಹುವಚನ ಹಾಕಿ ಮಾತಾಡಿತು. ಒಂದು ಉಸಿರು ತಡವಾಗಿ ಪೆಟ್ಟಿಗೆ ಅದನ್ನು ತಿರುಗಿ ಹೇಳಿತು. ಇರ್ಲಿ, ಸಣ್ಣ ಮಾಡಬ್ಯಾಡ್ರಿ. ಇಂಚರ ಪೆಟ್ಟಿಗೆಯ ಕಡೆ ತಿರುಗಿ, ಒಳಗಿಂದ ಬಂದದ್ದು ತನ್ನ ದನಿ ಅಂತ ತಿಳಿದು, ಹಲ್ಲು ಬಿಟ್ಟು ನಕ್ಕಳು. ಆ ನಗುವೂ ಒಂದು ಉಸಿರು ತಡವಾಗಿ ಊರಿಗೆಲ್ಲ ಹೋಯಿತು.

ರೇಖಾ ಈ ಸಲ ಹಾಡು ಹಾಕಲಿಲ್ಲ. ಆವತ್ತು ಆ ಹುಡುಗಿಯೂ ಸುಮ್ಮನೆ ಕಾಯುವುದನ್ನು ಕಲಿತಳು.

ಶೈಲಾ ಆಸ್ಪತ್ರೆಯ ಚಪ್ಪಲಿಯಲ್ಲೇ ಆಟೋ ಹಿಡಿದು ಬಂದಳು. ವಾರ್ಡಿನ ಆಯಾ ಒಬ್ಬಳ ಮೊಬೈಲಿನಲ್ಲಿ ಕೇಳಿದ್ದಳಂತೆ. ಬಾಗಿಲಲ್ಲೇ ಮಂಡಿಯೂರಿ ಕೂತು ಬಾಯಿ ತೋರಿಸಿದಳು. ಅಮ್ಮ ಅನ್ನಲು ಇಂಚರ ಇನ್ನೂ ಒಂದು ವಾರ ತೆಗೆದುಕೊಂಡಳು. ಆಮೇಲೆ ನಿಲ್ಲಲೇ ಇಲ್ಲ. ಮಾತು ಕಲಿಸುವ ಮೇಡಂ, ಒಳಗೆ ಬಹಳ ಇಟ್ಟುಕೊಂಡಿದ್ದಳು ಅಂದರು. ಅವರ ದುಡಿಮೆಯೂ ಅದರಲ್ಲಿ ಇದೆ, ಇಲ್ಲ ಅನ್ನುವುದಿಲ್ಲ. ಲೋಕಿಕೆರೆಗೆ ಫೋನ್ ಹಚ್ಚಿಕೊಟ್ಟರೆ ಈಗ ಬೀಗಿತಿಗೇ ಸಾಕಾಗುತ್ತದೆ, ಸ್ವಲ್ಪ ನನಗೂ ಬಾಯಿ ಬಿಡಾಕೆ ಬಿಡವ್ವ ಅನ್ನುತ್ತಾರೆ.

ಮೊನ್ನೆ ಶಾಲೆಯಿಂದ ಬಂದವಳು ಬ್ಯಾಗು ಬಿಸಾಕಿ, ಟೀಚರು ಏನಂದರು, ಪೇಡೆ ಎಷ್ಟು ಉಳಿದಿದೆ, ಮಳೆ ಯಾಕೆ ಓರೆ ಬೀಳುತ್ತದೆ ಅಂತ ಒಂದೇ ಉಸಿರಿಗೆ ಕೇಳಿದಳು. ನಾನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯದ ಹಾಗೆ ಆಗಾಗ ಹಾಕುತ್ತೇನೆ. ಮೊಳೆಗೆ ತೂಗುಹಾಕಿ, ಬಂದು ಮಷಿನ್ನಿಗೆ ಕೂತೆ. ಅವಳು ಅಂಗಿಯ ಕೆಳಗೆ ಹೋಗಿ ನಿಂತಳು. ಕಾಲರಿನ ಕಡೆ ಕತ್ತೆತ್ತಿ, "ಹೇಳ್ರಿ, ನಾ ಕೇಳ್ತಾ ಇದೀನಿ," ಅಂದಳು. ಅಂದು ಸುಮ್ಮನಾದಳು.

ಇಡೀ ದಿನದಲ್ಲಿ ಅವಳು ಸುಮ್ಮನಿರುವುದು ಅದೊಂದೇ ಹೊತ್ತು. ನಾನೂ ಚಕ್ರದ ಮೇಲೆ ಅಂಗೈ ಇಟ್ಟು ಮಷಿನ್ನು ನಿಲ್ಲಿಸಿದೆ. ಶೀಟಿನ ಮೇಲೆ ಮಳೆ ಬೀಳುತ್ತಿತ್ತು. ಗಾಳಿಗೆ ಒಂದು ತೋಳು ಎದ್ದು ಇಳಿಯಿತು. ಬಟ್ಟೆಯ ಬಿಸಿ ಇನ್ನೂ ಆರಿರಲಿಲ್ಲ, ಆ ವಾಸನೆ ಅಲ್ಲೇ ನಿಂತಿತ್ತು. ನಾನು ನಿಜವಾಗಿಯೂ ಕಿವಿಗೊಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಅವಳು ನನ್ನ ಕಡೆ ತಿರುಗಿ, ಗುಟ್ಟು ಹೇಳುವ ಹಾಗೆ ಹೇಳಿದಳು.

"ಅವರು ಇನ್ನೂ ತುಂಬಿಕೊಳ್ತಾ ಅದಾರೆ, ಅಜ್ಜ. ಇರ್ಲಿ."